ದಾನದ ಪಟ್ಟಿಯೂ ಕೊಬ್ಬರಿಯ ಅಟ್ಟವೂ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಮೊದಲಾಯಿತು. ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರ ಪರಿಶ್ರಮದಿಂದ ಹಳ್ಳಿಯ ಬದುಕಿನ ಸಾಮಗ್ರಿಗಳು ಜಯಲಕ್ಷ್ಮೀವಿಲಾಸವನ್ನು ಸೇರಿದುದು ಸಾಮಾನ್ಯ ಸಾಧನೆಯಲ್ಲ. ಆದರೆ ಇಂಥ ಸಂಸ್ಥೆಗಳು ವರ್ಷಾಂತ್ಯದಲ್ಲಿ ತಮ್ಮ ಪ್ರದರ್ಶನಗಳನ್ನೂ ಬಂದ ದಾನಗಳನ್ನೂ ಎಣಿಸತಕ್ಕ ಕ್ರಮ ವಿಚಾರಾರ್ಹವಾದುದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಿಂದ ಕಾಯಿ ಸುಲಿಯುವ ಕಬ್ಬಿಣವೊಂದು ದಾನವಾಗಿ ಬಂದಿತೆಂದು ಭಾವಿಸೋಣ. ಸಾಧನದ ಹೆಸರು, ದಾನಿಯ ಹೆಸರು, ಊರು ಇಷ್ಟನ್ನು ಚೀಟಿಯಲ್ಲಿ ಬರೆದರೆ ಮುಗಿಯಿತೆ? ಅಲ್ಲಿಯವರು ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ವರ್ಷಕಾಲ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಉಂಡೆಕೊಬ್ಬರಿ ಸಿದ್ಧವಾಯಿತೆಂಬುದಕ್ಕೆ ಆ ಸದ್ದೇ ಪ್ರಮಾಣ. (ಕಿವಿಯ ಈ ಜ್ಞಾನವನ್ನು ಗಾಜಿನ ಪೆಟ್ಟಿಗೆ ಹೇಗೆ ತಾನೆ ಕೊಟ್ಟೀತು!) ಸುಲಿಯುವುದು ಆಮೇಲಿನ ಮಾತು. ಅಟ್ಟವನ್ನು ಯಾರೂ ದಾನಮಾಡಲಾರರು. ಅದಿಲ್ಲದೆ ಕಬ್ಬಿಣಕ್ಕೆ ಅರ್ಥವಿಲ್ಲ.

ಇದೇ ಸೀಮೆಯ ಅರಳಗುಪ್ಪೆಯಲ್ಲಿ, ಕಲ್ಲೇಶ್ವರ ಗುಡಿಯ ನೃತ್ಯಶಿವನನ್ನೂ ಸುತ್ತಣ ದಿಕ್ಪಾಲಕರನ್ನೂ ಇಂದಿಗೂ ಕತ್ತೆತ್ತಿಯೇ ನೋಡಬೇಕು. ಶಿಲ್ಪಿ ಅವರನ್ನು ಚಾವಣಿಗೆಂದೇ ಕಡೆದಿದ್ದಾನೆ. ಕೊಬ್ಬರಿಯ ಸಾಧನಕ್ಕೆ ಆ ಭಾಗ್ಯವಿಲ್ಲ, ಅದು ಮನೆ ಬಿಟ್ಟೇ ಬರಬೇಕು. ಆದುದರಿಂದ ಬರುವಾಗಲೇ ಅಟ್ಟದ ಅಳತೆ, ಕಾಯಿ ಏರಿಸಿದ ಮತ್ತು ಇಳಿಸಿದ ತಿಂಗಳು, ಸುಲಿಯುವವರ ಮಾತು ಇವೆಲ್ಲ ದಾನದ ಪಟ್ಟಿಯೊಡನೆ ದಾಖಲಾಗತಕ್ಕದ್ದು. ಅಟ್ಟವಿಲ್ಲದ ಮನೆಗಳು ಏಳುತ್ತಿರುವಾಗ ಈ ಕೆಲಸವನ್ನು ಮುಂದಿನ ವರ್ಷದ ವರದಿಗೆ ಉಳಿಸುವಂತಿಲ್ಲ.