ಕಡತದಲ್ಲಿ ಬೆಳೆದ ಹುಡುಗ

ಇಂಗ್ಲೆಂಡಿನ ಕವಿ ಲೆಮ್ ಸಿಸೇ ಅವರ ಆತ್ಮಕಥೆ ‘ಮೈ ನೇಮ್ ಈಸ್ ವೈ’ 2019ರಲ್ಲಿ ಪ್ರಕಟವಾದುದು. ಅದನ್ನು ನಾನು ಎರಡು ಸಾರಿ ಓದಿದೆನು. ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಅದರೊಳಗೆ ಅಚ್ಚಾಗಿರುವ ಸರಕಾರಿ ಕಾಗದಗಳಿಗಾಗಿ. ಎರಡನೆಯ ಓದೇ ಹೆಚ್ಚು ಫಲ ಕೊಟ್ಟಿತೆನ್ನಬೇಕು.

ಕಥೆ ಹೀಗಿದೆ. ವಿದ್ಯಾಭ್ಯಾಸಕ್ಕೆಂದು ಇಥಿಯೋಪಿಯಾದಿಂದ ಬಂದಿದ್ದ ತರುಣಿಯೊಬ್ಬಳು 1967ರಲ್ಲಿ ಇಂಗ್ಲೆಂಡಿನಲ್ಲಿ ಗಂಡುಮಗುವನ್ನು ಹೆತ್ತಳು. ಸ್ವಲ್ಪ ಕಾಲ ಯಾರಾದರೂ ಸಾಕಿಕೊಡಲಿ ಎಂಬುದಷ್ಟೇ ಆಕೆಯ ಇಚ್ಛೆ. ದತ್ತು ಕೊಡುವ ಪತ್ರಕ್ಕೆ ರುಜು ಹಾಕಲಿಲ್ಲ. ಮಗು ಒಂದು ಬಿಳಿಯರ ಮನೆ ಸೇರಿತು. ಇದನ್ನು ದತ್ತೆಂದೇ ಭಾವಿಸಿರೆಂದು ಸಾಕುವವರಿಗೆ ಹೇಳಲಾಯಿತು. ಮಗುವಿನ ಹೆಸರೂ ನಾರ್ಮನ್ ಎಂದಾಯಿತು. ಆ ದಂಪತಿಗಳನ್ನೇ ಅಪ್ಪ ಅಮ್ಮ ಎಂದು ಕರೆದು ಬೆಳೆದ ಹುಡುಗನನ್ನು, ಅವನಿಗೆ 12 ವರ್ಷವಾದಾಗ, ಅವರು ಮಕ್ಕಳ ಆಶ್ರಮಕ್ಕೆ ಒಪ್ಪಿಸಿ ಕೈತೊಳೆದುಕೊಂಡರು. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಆಶ್ರಮ. 17ರ ವಯಸ್ಸಿನಲ್ಲಿ ಜನನಪತ್ರ ಕೈಗೆ ಬಂದಾಗ ತನ್ನ ನಿಜವಾದ ಹೆಸರು ಲೆಮ್ ಎಂದು ಅವನಿಗೆ ತಿಳಿಯಿತು. ಅಮ್ಹಾರಿಕ್ ಭಾಷೆಯಲ್ಲಿ ಹಾಗೆಂದರೆ ‘ಏಕೆ’. ತಾಯಿ 1968ರಲ್ಲಿಯೇ ಮಗನನ್ನು ಹಿಂದಕ್ಕೆ ಕೇಳಿ ಬರೆದಿದ್ದ ಕಾಗದವೂ ಸಿಕ್ಕಿತು. ಅಷ್ಟು ವರ್ಷ ಅದು ಕಡತದಲ್ಲಿ ತಣ್ಣಗೆ ಮಲಗಿತ್ತು. ಹೊರಕ್ಕೆ ಕಳುಹಿಸುವಾಗ ಇರಲು ಒಂದು ಫ್ಲಾಟು ಕೊಟ್ಟರು. ಪೂರ್ತಿ ಕಡತ ಸಿಕ್ಕಿದ್ದು 2015ರಲ್ಲಿ, ಅವರು ಹೆಸರಾಂತ ಕವಿಯಾದ ಮೇಲೆ.

ತಾಯ್ತಂದೆಯರಿಲ್ಲದ ಮಕ್ಕಳ ಕಥೆ ಇಂಗ್ಲಿಷ್ ಕಾದಂಬರಿಗೆ ಹೊಸದೇನಲ್ಲ. ಆದರೆ ಅಲ್ಲಿ ಕಾದಂಬರಿಕಾರರು ಒಂದು ಉಪಾಯ ಹೂಡುತ್ತಾರೆ. ಮಗು ದೊಡ್ಡವನಾಗಿ ತನ್ನ ಕಾಲ ಮೇಲೆ ನಿಲ್ಲಬೇಕೆನ್ನುವ ಮೊದಲೇ ಆಸ್ತಿಯೋ ಆಶ್ರಯದಾತನೋ ಬಂದು ಕೈಹಿಡಿದುಬಿಡುತ್ತಾನೆ. ಡಿಕನ್ಸನ ಆಲಿವರನಿಗೆ ಬ್ರೌನ್ಲೋ ಎಂಬ ಸಜ್ಜನ ದೊರೆಯುತ್ತಾನೆ. ಆಮೇಲೆ ಅವನು ಏನು ಕೆಲಸ ಕಲಿತ, ಬಾಡಿಗೆ ಹೇಗೆ ಕಟ್ಟಿದ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. 1847ರ ‘ಜೇನ್ ಐರ್’ ಮಾತ್ರ ಸ್ವಲ್ಪ ಬೇರೆ. ಕೊನೆಗೆ ಅಲ್ಲಿಯೂ ಚಿಕ್ಕಪ್ಪನ 20,000 ಪೌಂಡು ಬರುತ್ತದೆ, ನಿಜ. ಆದರೆ ಅದಕ್ಕೆ ಮೊದಲು 18 ವರ್ಷದ ಜೇನ್ ತಾನೇ ಪತ್ರಿಕೆಗೆ ಜಾಹೀರಾತು ಬರೆದು ಕೆಲಸ ಹುಡುಕುತ್ತಾಳೆ. ಆರು ವರ್ಷ ವಿದ್ಯಾರ್ಥಿನಿ, ಎರಡು ವರ್ಷ ಉಪಾಧ್ಯಾಯಿನಿ. ಫ್ರೆಂಚು, ಚಿತ್ರಕಲೆ, ಹೊಲಿಗೆ ಎಲ್ಲವೂ ಬರುತ್ತಿತ್ತು. ಹಾಗಿದ್ದೂ ಅವಳು ಹೊರಡುವುದು ಕಲಿಕೆ ಮುಗಿಯಿತೆಂದಲ್ಲ. ತಾಯಿಯಂತಿದ್ದ ಮಿಸ್ ಟೆಂಪಲ್ ಮದುವೆಯಾಗಿ ಹೊರಟುಹೋದಳೆಂದು. ಆ ಒಬ್ಬಳು ಹೋದೊಡನೆ ಶಾಲೆ ಬರಿಯ ಗೋಡೆಯಾಯಿತು. ಮಕ್ಕಳನ್ನು ಸಾಕಿ ಹೊರಗೆ ಕಳುಹಿಸುವ ಕಚೇರಿಗಳಿಗಿಂತ ಷಾರ್ಲಟ್ ಬ್ರಾಂಟೆಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು.

ಸಿಸೇ ಅವರ ಪುಸ್ತಕದ ಬಲವಿರುವುದೂ ಇಲ್ಲಿಯೇ. ಅವರು ಅಧಿಕಾರಿಗಳ ವರದಿಗಳನ್ನು ಇದ್ದಂತೆಯೇ ಇಟ್ಟು, ಪಕ್ಕದಲ್ಲಿ ತಮ್ಮ ನೆನಪನ್ನು ಬರೆಯುತ್ತಾರೆ. ಒಂದೇ ಘಟನೆ ಎರಡು ಗದ್ಯಗಳಲ್ಲಿ ಬರುತ್ತದೆ. ಒಂದರಲ್ಲಿ ದಿನಾಂಕವಿದೆ, ಇನ್ನೊಂದರಲ್ಲಿ ಹುಡುಗನಿದ್ದಾನೆ. ಮನೆಯಲ್ಲಿ ಬೆಳೆದವನ ಬಾಲ್ಯ ತಾಯಿಯ ನಾಲಗೆಯ ಮೇಲಿರುತ್ತದೆ. ಯಾವಾಗ ಹಲ್ಲು ಬಂತು, ಯಾವ ಮಳೆಗಾಲದಲ್ಲಿ ನೆಗಡಿ ಎದೆಗಿಳಿಯಿತು, ಯಾರ ಮದುವೆಯಲ್ಲಿ ಕಳೆದುಹೋಗಿ ಸಿಕ್ಕಿದ, ಇದೆಲ್ಲ ಕೇಳಿಕೇಳಿ ನಮಗೆ ಬೇಸರವೇ ಬಂದಿದೆ. ಸಿಸೇ ಇದನ್ನು ಪಡೆಯಲು ನಗರಸಭೆಯೊಂದಿಗೆ ವರ್ಷಗಟ್ಟಲೆ ಹೋರಾಡಬೇಕಾಯಿತು.

ಇಂಥ ತರುಣರನ್ನು ‘ಸ್ವತಂತ್ರ ಬದುಕಿಗೆ’ ಸಿದ್ಧಪಡಿಸುವುದೆಂದು ಹೇಳುವುದುಂಟು. ಅನ್ನ ಮಾಡುವುದು, ಲೆಕ್ಕ ಇಡುವುದು, ಬ್ಯಾಂಕಿನ ವ್ಯವಹಾರ: ಕಲಿಸಬೇಕಾದುವೇ. ಆದರೆ ಆ ‘ಸ್ವತಂತ್ರ’ ಎಂಬ ಮಾತು ನನಗೆ ಒಪ್ಪಿಗೆಯಾಗದು. ನಮ್ಮ ಮನೆಗಳಲ್ಲಿ 18 ತುಂಬಿದ ಮಗನನ್ನು ಯಾರು ಸ್ವತಂತ್ರನೆನ್ನುತ್ತಾರೆ? ಪದವಿ ಮುಗಿದು ಕೆಲಸ ಸಿಕ್ಕುವವರೆಗೂ ತಂದೆ ಹಣ ಕಳಿಸುತ್ತಾನೆ. ಕೆಲಸ ಸಿಕ್ಕ ಮೇಲೂ ಊರಿನಿಂದ ಚಟ್ನಿಪುಡಿಯ ಡಬ್ಬಿ ಬರುತ್ತಲೇ ಇರುತ್ತದೆ. ಹಿಂದೆ ಮನೆಯಿರುವವನಿಗೆ 25ರಲ್ಲೂ ಕೊಡದ ಸ್ವಾತಂತ್ರ್ಯವನ್ನು ಮನೆಯಿಲ್ಲದವನ ತಲೆಗೆ 18ರಲ್ಲಿ ಕಟ್ಟುವುದು ಯಾವ ನ್ಯಾಯ?

ಕಾನೂನುಗಳು ಸುಮ್ಮನಿಲ್ಲ. ಇಂಗ್ಲೆಂಡಿನಲ್ಲಿ 2000ದ ಕಾನೂನು ಹೊರಹೋಗುವ ತರುಣರಿಗೆ ಬರೆದಿಟ್ಟ ಯೋಜನೆಯೊಂದನ್ನೂ ಒಬ್ಬ ಸಲಹೆಗಾರನನ್ನೂ ಗೊತ್ತುಮಾಡಿತು. ನಮ್ಮ 2015ರ ಬಾಲನ್ಯಾಯ ಕಾನೂನಿನ 46ನೆಯ ಕಲಮು, 18 ತುಂಬಿ ಸಂಸ್ಥೆ ಬಿಡುವವರಿಗೆ ಹಣದ ನೆರವು ಕೊಡಬಹುದೆನ್ನುತ್ತದೆ. ಆದರೆ ಈ ಪುಸ್ತಕವನ್ನು ಓದಿದವರಿಗೆ ಹಿಡಿಸುವುದು ಇಂಗ್ಲೆಂಡಿನ 2014ರ ಏರ್ಪಾಡು: ಹುಡುಗನೂ ಸಾಕಿದವರೂ ಒಪ್ಪಿದರೆ 21ರವರೆಗೆ ಅದೇ ಮನೆಯಲ್ಲಿ ಉಳಿಯಬಹುದು. ಯೋಜನೆಯ ಕಾಗದಕ್ಕೆ ಜ್ವರ ಬಂದವನ ಹಣೆ ಮುಟ್ಟಿ ನೋಡಲು ಬಾರದು.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಅಧ್ಯಾಯಗಳ ತಲೆಯಲ್ಲಿ ಬರುವ ಪುಟ್ಟ ಪದ್ಯಗಳಲ್ಲಿ ಕೆಲವು ತೀರ ತೆಳುವು. ಅವುಗಳ ಕೆಳಗಿನ ಗದ್ಯವೇ ಹೆಚ್ಚು ಕಾವ್ಯವಾಗಿದೆ. ಸಾಕುತಾಯಿಯ ಮನಸ್ಸು ನಮಗೆ ಕೊನೆಗೂ ಮುಚ್ಚಿದ ಬಾಗಿಲೇ. ಬರೆದವರ ನೋವನ್ನು ನೆನೆದರೆ ಇದನ್ನು ದೊಡ್ಡ ಕುಂದೆನ್ನಲು ನಾಲಗೆ ಏಳದು. ಆದರೆ ಕಥೆ ಆ ಫ್ಲಾಟಿನ ಹೊಸ್ತಿಲ ಬಳಿಯಲ್ಲಿಯೇ ನಿಲ್ಲುವುದು ನನಗೆ ಕೊರತೆಯೆನಿಸಿತು. 21ರ ವಯಸ್ಸಿನಲ್ಲಿ ಸಿಸೇ ತಾಯಿಯನ್ನು ಗ್ಯಾಂಬಿಯಾದಲ್ಲಿ ಕಂಡರು. ಅದಕ್ಕೂ ಇಲ್ಲಿ ವಿಸ್ತಾರವಾದ ಎಡೆ ದೊರೆತಿಲ್ಲ. ಮೊದಲ ತಿಂಗಳ ಖರ್ಚು ಹೇಗೆ ಹೊಂದಿತು, ಬಾಗಿಲು ತಟ್ಟಿದವರು ಯಾರು, ಹಬ್ಬದ ದಿನ ಎಲ್ಲಿ ಉಂಡರು, ಇದನ್ನೆಲ್ಲ ಅವರು ಇನ್ನೊಂದು ಸಂಪುಟದಲ್ಲಿ ಬರೆದರೆ ನಾನು ಮೊದಲ ದಿನವೇ ಕೊಂಡು ಓದುವೆನು.