ಊರು ಯಾಕೆ ಸುಮ್ಮನಿದೆ?

ಹಳ್ಳಿಯವರು ತಮ್ಮೂರಿನ ಪುಢಾರಿಯ ಮೇಲೆ ತಿರುಗಿಬೀಳುವ ಸಿನಿಮಾಗಳನ್ನು ಹೊಸದಾಗಿ ನೋಡುವವರು ಸಾಮಾನ್ಯವಾಗಿ ಕೊನೆಯ ಹೊಡೆದಾಟಕ್ಕೆ ಕಾಯುತ್ತಾರೆ. ಕಾಯಬೇಡಿ. ದಂಗೆ ತೋರಿಸುವುದು ಕಷ್ಟವಲ್ಲ. ನೂರು ಪಂಜು, ನಾಲ್ಕು ಕೊಡಲಿ, ಒಂದು ಹಾಡು ಇದ್ದರೆ ಯಾವ ನಿರ್ದೇಶಕನೂ ದಂಗೆ ಎಬ್ಬಿಸಬಲ್ಲ. ಅಷ್ಟು ವರ್ಷ ಊರು ಯಾಕೆ ಬಾಯಿ ಮುಚ್ಚಿಕೊಂಡಿತ್ತು ಅನ್ನುವುದನ್ನು ತೋರಿಸಲು ತಲೆ ಬೇಕು. ಜನ ಅಂಜುಬುರುಕರು ಎಂದು ಹೇಳಿ ಮುಂದೆ ಹೋಗುವ ಸಿನಿಮಾವನ್ನು ಅಲ್ಲಿಗೇ ಬಿಡಬಹುದು. ಅಂಜಿಕೆಗೆ ಲೆಕ್ಕ ಕೊಡುವ ಸಿನಿಮಾವನ್ನು ಎರಡನೇ ಸಲ ನೋಡಬೇಕು.

ಕೊಲ್ಹಾಪುರದ ಪಕ್ಕದ ಕಾಗಲದ ಕಡೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಸೀಮೆಯಲ್ಲಿ ಬೆಳೆ ಹನ್ನೆರಡರಿಂದ ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಪಕ್ವವಾದ ಮೇಲೆ ಕಡಿಯಲು ತಡವಾದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಕಟಾವಿನ ಗ್ಯಾಂಗ್ ಯಾರ ಹೊಲಕ್ಕೆ ಮೊದಲು ಬರಬೇಕು, ಬಿಲ್ಲು ಯಾವಾಗ ಜಮಾ ಆಗಬೇಕು ಅನ್ನುವುದು ಸಕ್ಕರೆ ಕಾರ್ಖಾನೆಯ ಕೈಯಲ್ಲಿ. ಇಂಥ ಕಡೆ ಕಾರ್ಖಾನೆಯ ಚೇರಮನ್ನನಿಗೆ ಎದುರು ಮಾತಾಡುವವನು ಮೊದಲು ನಿಂತ ಕಬ್ಬನ್ನು ನೆನೆಯುತ್ತಾನೆ. ಅವನನ್ನು ಹೇಡಿ ಅನ್ನಲಿಕ್ಕಾಗದು.

ಇದನ್ನು ಪರದೆಯ ಮೇಲೆ ಕಾಣಬೇಕಾದರೆ ಜಬ್ಬಾರ್ ಪಟೇಲರ ‘ಸಾಮ್ನಾ’ದಿಂದ ಶುರು ಮಾಡಿ. ವಿಜಯ ತೆಂಡೂಲ್ಕರ್ ಬರೆದದ್ದು, 1975ರ ಬರ್ಲಿನ್ ಚಿತ್ರೋತ್ಸವಕ್ಕೆ ಹೋದದ್ದು. ಸಕ್ಕರೆ ಕಾರ್ಖಾನೆಯ ದೊರೆ ಹಿಂದೂರಾವ್ ಧೋಂಡೆ ಪಾಟೀಲನಾಗಿ ನಿಳು ಫುಲೆ. ಎಲ್ಲವನ್ನೂ ಕಳೆದುಕೊಂಡು ಕುಡಿಯುತ್ತ ಅಲೆಯುವ ಹಳೆಯ ಗಾಂಧಿವಾದಿ ಮಾಸ್ತರನಾಗಿ ಶ್ರೀರಾಮ ಲಾಗೂ. ಫುಲೆಯವರನ್ನು ನೋಡುವಾಗ ಒಂದು ವಿಷಯ ಗಮನಿಸಿ: ಈ ಖಳ ಕಿರುಚುವುದಿಲ್ಲ. ಕುಡುಕ ಮಾಸ್ತರನನ್ನು ಮನೆಗೆ ಕರೆದು ಊಟ ಹಾಕುತ್ತಾನೆ, ಬಾಟಲಿಯನ್ನೂ ಕೊಡುತ್ತಾನೆ. ಊರಿಗೆ ತಾನು ಮಾಡಿದ ಉಪಕಾರವನ್ನು ತೋರಿಸುವಾಗ ಅವನ ಮುಖದಲ್ಲಿರುವ ಹೆಮ್ಮೆ ನಿಜವಾದದ್ದು. ಅಭಿವೃದ್ಧಿ ಆಗಿದೆ, ಅದನ್ನು ಮಾಡಿದವನು ಅವನೇ. ಊರಿನ ಮೌನಕ್ಕೆ ಅರ್ಧ ಕಾರಣ ಹೆದರಿಕೆ, ಇನ್ನರ್ಧ ಋಣ. ಮಾರುತಿ ಕಾಂಬಳೆ ಎಂಬ ಮಾಜಿ ಸೈನಿಕ ಏನಾದ ಅನ್ನುವ ಒಂದೇ ಪ್ರಶ್ನೆಯನ್ನು ಮಾಸ್ತರ ಕೇಳುತ್ತ ಹೋಗುತ್ತಾನೆ. ಯಾರೂ ಉತ್ತರ ಕೊಡುವುದಿಲ್ಲ. ಆಗ ಉತ್ತರ ಕೊಡದವರ ಮುಖಗಳನ್ನು ನೋಡಿ, ಮಾಸ್ತರನ ಮುಖ ಆಮೇಲೆ ನೋಡಿದರೂ ನಡೆಯುತ್ತದೆ.

ಪ್ರಶ್ನೆ ಕೇಳುವವನು ಕುಡುಕನೇ ಯಾಕಾಗಬೇಕು? ಅವನಿಗೆ ಹೊಲವಿಲ್ಲ, ಸಾಲವಿಲ್ಲ, ಸಂಸಾರವೂ ಇಲ್ಲ. ಊರಿನ ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ. ಕಳೆದುಕೊಳ್ಳಲು ಏನಾದರೂ ಇರುವವನಿಗೆ ಈ ಪ್ರಶ್ನೆ ದುಬಾರಿ. ಸುಕುಮಾರರ ತೆಲುಗು ‘ರಂಗಸ್ಥಲಂ’ (2018) ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಅಲ್ಲಿ ಜಗಪತಿ ಬಾಬು ಮೂವತ್ತು ವರ್ಷದಿಂದ ಎದುರಾಳಿಯಿಲ್ಲದ ಪಂಚಾಯತಿ ಪ್ರೆಸಿಡೆಂಟ್. ಅವನಿಗೆ ಎದುರಾಗುವ ಮನೆಯ ಒಬ್ಬ ಮಗ, ರಾಮ್ ಚರಣ್ ಮಾಡಿದ ಚಿಟ್ಟಿಬಾಬು, ಕಿವಿ ಸರಿಯಾಗಿ ಕೇಳಿಸದವನು. ಊರೆಲ್ಲ ಕೇಳಿಸಿಕೊಂಡು ಸುಮ್ಮನಿದ್ದರೆ, ಅರ್ಧಂಬರ್ಧ ಕೇಳಿಸಿಕೊಂಡವನು ಕೂಗಾಡುತ್ತಾನೆ. ಇದೊಂದು ದೊಡ್ಡ ಬಜೆಟ್ಟಿನ ಜನಪ್ರಿಯ ಸಿನಿಮಾ, ಕುಣಿತವೂ ಇದೆ, ರಕ್ತವೂ ಇದೆ. ಆದರೂ ಅದರ ನಡುಭಾಗದಲ್ಲಿ ಸೊಸೈಟಿಯ ಸಾಲದ ಪುಸ್ತಕ ಹೇಗೆ ರೈತರ ಹೊಲ ನುಂಗುತ್ತದೆ ಎಂದು ತೋರಿಸುವ ಭಾಗವನ್ನು ಯಾವ ಕಲಾತ್ಮಕ ಚಿತ್ರದ ಪಕ್ಕದಲ್ಲೂ ಇಡಬಹುದು. ಕತೆಯ ಅಸಲಿ ಏಟು ಪ್ರೆಸಿಡೆಂಟನ ಕಡೆಯಿಂದ ಬರುವುದಿಲ್ಲ. ಎಲ್ಲಿಂದ ಅನ್ನುವುದನ್ನು ಹೇಳಿ ಸಿನಿಮಾ ಕೆಡಿಸುವುದಿಲ್ಲ. ಪ್ರಕಾಶ್ ರಾಜ್ ಬಂದಾಗ ಎಚ್ಚರವಾಗಿರಿ ಎಂದಷ್ಟೇ ಹೇಳುತ್ತೇನೆ.

ಪುಸ್ತಕ ಅಂದೆ. ಈ ಜಾತಿಯ ಸಿನಿಮಾಗಳಲ್ಲಿ ಬಂದೂಕಿಗಿಂತ ಕಾಗದದ ಮೇಲೆ ಕಣ್ಣಿಡಿ. ಅದರ ಬೇರು ಕೊಲ್ಹಾಪುರದಲ್ಲೇ ಇದೆ. ಬಾಬುರಾವ್ ಪೇಂಟರ್ 1925ರಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿಗಾಗಿ ‘ಸಾವಕಾರಿ ಪಾಶ’ ಎಂಬ ಮೂಕಚಿತ್ರ ತೆಗೆದರು. ಪುರಾಣದ ಕತೆಗಳೇ ಓಡುತ್ತಿದ್ದ ಕಾಲದಲ್ಲಿ, ಸಾವಕಾರನ ಲೆಕ್ಕದಲ್ಲಿ ಹೊಲ ಕಳೆದುಕೊಂಡು ಪಟ್ಟಣದ ಮಿಲ್ಲು ಸೇರುವ ರೈತನ ಕತೆ. ರೈತನ ಪಾತ್ರದಲ್ಲಿ ಇಪ್ಪತ್ತರ ಹರೆಯದ ವಿ. ಶಾಂತಾರಾಮ್. ಕತ್ತಲಲ್ಲಿ ಗುಡಿಸಲ ಬಳಿ ಊಳಿಡುವ ನಾಯಿಯ ಚಿತ್ರವನ್ನು ಅದನ್ನು ಕಂಡವರು ದಶಕಗಟ್ಟಲೆ ಮರೆಯಲಿಲ್ಲ. ಇದಕ್ಕೆ ಏಳು ವರ್ಷ ಹಿಂದೆ, 1918ರಲ್ಲಿ, ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹೂ ಮಹಾರಾಜರು ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಕುಲಕರ್ಣಿ ವತನವನ್ನೇ ತೆಗೆದುಹಾಕಿ ಸಂಬಳದ ತಲಾಠಿಗಳನ್ನು ನೇಮಿಸಿದ್ದರು. ಊರಿನ ಲೆಕ್ಕ ಯಾರ ಕೈಯಲ್ಲಿರಬೇಕು ಅನ್ನುವ ಜಗಳ ಇಲ್ಲಿ ಸಿನಿಮಾಕ್ಕಿಂತ ಮೊದಲೇ ದರಬಾರಿನಲ್ಲಿ ನಡೆದಿತ್ತು.

ಕನ್ನಡದಲ್ಲಿ ಇದೇ ಎಳೆ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974). ಗೊರೂರರ ಕತೆ. ಲೋಕನಾಥರ ಉಪ್ಪಿನಕಾಯಿ ದೃಶ್ಯವನ್ನು ನೆನೆದು ಎಲ್ಲರೂ ನಗುತ್ತಾರೆ. ನಗಿ, ತಪ್ಪಿಲ್ಲ. ಆದರೆ ಜಮೀನ್ದಾರ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರು ಬಾರದಿರುವುದನ್ನು ನಿಧಾನವಾಗಿ ನೋಡಿ. ಬದುಕಿದ್ದಾಗ ಬಾಯಿಬಿಡದ ಊರು ಅವನು ಸತ್ತ ಮೇಲೆ ಆಡುವ ಮಾತು ಅದು. ಆಮೇಲೆ ಬರುವ ಲೂಟಿಯನ್ನೂ ಮರೆಯಬೇಡಿ. ಅಪ್ಪನ ದಾರಿ ಬಿಟ್ಟ ಅಯ್ಯುವಿನ ಮನೆಯ ಮೇಲೆ ಜನ ನುಗ್ಗುತ್ತಾರೆ. ಸಿದ್ದಲಿಂಗಯ್ಯ ಗುಂಪನ್ನು ದೇವರು ಮಾಡಲಿಲ್ಲ, ಅದಕ್ಕೇ ಆ ಸಿನಿಮಾ ಇನ್ನೂ ನಿಂತಿದೆ.

ಗುಂಪಿನ ವಿಷಯದಲ್ಲಿ ಅತಿ ಕಠೋರವಾದದ್ದು ಶ್ಯಾಮ್ ಬೆನಗಲ್‌ರ ‘ನಿಶಾಂತ್’ (1975). ಇದನ್ನು ಬರೆದವರೂ ತೆಂಡೂಲ್ಕರ್. ತೆಲಂಗಾಣದ ಜಮೀನ್ದಾರರು ಶಾಲಾ ಮಾಸ್ತರನ ಹೆಂಡತಿಯನ್ನು ಎತ್ತಿಕೊಂಡು ಹೋಗುತ್ತಾರೆ. ಮಾಸ್ತರನಾಗಿ ಗಿರೀಶ ಕಾರ್ನಾಡರು ಪೊಲೀಸರು, ಅಧಿಕಾರಿಗಳು ಅಂತ ಬಾಗಿಲು ಬಾಗಿಲು ತಟ್ಟಿ ಸೋಲುತ್ತಾರೆ. ಕೊನೆಗೆ ಊರು ಎದ್ದಾಗ ಏನೂ ತಪ್ಪು ಮಾಡದ, ಜಮೀನ್ದಾರರ ಮನೆಯ ಕಿರಿಯ ಸೊಸೆಯೂ ಸಾಯುತ್ತಾಳೆ. ಚಪ್ಪಾಳೆ ಹೊಡೆಯಲು ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಗೌತಮ್ ಘೋಷ್ 1979ರಲ್ಲಿ ತೆಲುಗಿನಲ್ಲಿ ತೆಗೆದ ‘ಮಾ ಭೂಮಿ’ ಅದೇ ನೆಲದ ರೈತ ಸಶಸ್ತ್ರ ಹೋರಾಟದ ಕತೆ. ನಿಜಾಮನ ಕಾಲ ಕಂಡ ಬೀದರ, ಕಲಬುರಗಿಯವರಿಗೆ ಅದು ಪರಕೀಯವಲ್ಲ. ಚಿತ್ರದಲ್ಲಿ ಓಡಿಹೋಗಿದ್ದ ದೊರೆಗಳು 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಗಾಂಧಿ ಟೋಪಿ ಹಾಕಿಕೊಂಡು ಮರಳುತ್ತಾರೆ. ‘ಸಾಮ್ನಾ’ದ ಹಿಂದೂರಾವ್ ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ನಾನು ಆ ಟೋಪಿಯನ್ನು ತೋರಿಸುತ್ತೇನೆ.

ಈ ಬಗೆಯ ಕಥಾಚಿತ್ರಗಳ ಮೇಲೆ ನನಗೊಂದು ದೂರಿದೆ. ಹೆಂಗಸರು ಇಲ್ಲಿ ಬಹುತೇಕ ಅವಮಾನಕ್ಕೊಳಗಾಗಲು ಬರುತ್ತಾರೆ. ಅವರ ಅವಮಾನದಿಂದ ಗಂಡಸರು ಎಚ್ಚರಾಗುತ್ತಾರೆ. ಕಾಗಲದ ಆನಂದ ಯಾದವರ ಕಾದಂಬರಿಯಿಂದ ಬಂದ ಮರಾಠಿ ‘ನಟರಂಗ್’ (2010) ಇದನ್ನು ಸ್ವಲ್ಪ ಅಲುಗಾಡಿಸುತ್ತದೆ. ಅಲ್ಲಿ ರಾಜಕಾರಣಿಗಳ ಜಿದ್ದಿಗೆ ಸಿಕ್ಕಿ ದೇಹದ ಮೇಲೆ ದಾಳಿಗೊಳಗಾಗುವವನು ತಮಾಷಾ ಆಟದಲ್ಲಿ ಹೆಣ್ಣಿನ ಹಾವಭಾವದಿಂದ ಕುಣಿಯುವ ನಾಚ್ಯಾ ಆದ ಗುಣಾ, ಒಂದು ಕಾಲದ ಪೈಲವಾನ. ಆ ಪಾತ್ರ ಮಾಡಿದ ಅತುಲ್ ಕುಲಕರ್ಣಿಯವರನ್ನು ಕನ್ನಡಿಗರು ‘ಆ ದಿನಗಳು’ ಚಿತ್ರದಲ್ಲಿ ನೋಡಿದ್ದಾರೆ.

ದೂರಿಗೆ ಪೂರ್ತಿ ಉತ್ತರ ಸಿಕ್ಕುವುದು ಕಾಗಲದಿಂದ ಹೆದ್ದಾರಿಯಲ್ಲಿ ಅರ್ಧ ಗಂಟೆ ದೂರದ ನಿಪ್ಪಾಣಿಯಲ್ಲಿ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಇದೇ ಹೆದ್ದಾರಿಯ ಮೇಲೆ ಕೂತರು, ಏಪ್ರಿಲ್‌ನಲ್ಲಿ ಗೋಲಿಬಾರಾಗಿ ರೈತರು ಸತ್ತರು. ಅದು ಎಲ್ಲರಿಗೂ ನೆನಪಿದೆ. ಅದೇ ಊರಿನ ತಂಬಾಕು ಕಾರ್ಖಾನೆಯ ಹೆಂಗಸರು ಸಂಘ ಕಟ್ಟಿದ್ದನ್ನು ಬೆಂಗಳೂರಿನ ಯುಗಾಂತರ ಬಳಗದವರು, ದೀಪಾ ಧನರಾಜ್ ಮತ್ತು ಸಂಗಾತಿಗಳು, 1982ರಲ್ಲಿ ‘ತಂಬಾಕು ಚಾಕೀಲಾ ಊಬ್ ಆಲಿ’ ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ನಾಯಕನಿಲ್ಲ. ತಂಬಾಕಿನ ದೂಳಿದೆ, ಮುಸುಕು ಕಟ್ಟಿಕೊಂಡ ಮುಖಗಳಿವೆ, ತಮ್ಮ ಕತೆಯನ್ನು ತಾವೇ ಹೇಳುವ ದನಿಗಳಿವೆ. ಸುಮ್ಮನಿದ್ದವರು ಮಾತಾಡಲು ಕಲಿಯುವುದು ಒಂದು ರಾತ್ರಿಯ ಪಂಜಿನ ಮೆರವಣಿಗೆಯಲ್ಲಲ್ಲ, ಸಾಲು ಸಾಲು ಸಭೆಗಳಲ್ಲಿ ಅನ್ನುವುದನ್ನು ಅಲ್ಲಿ ಕಾಣಬಹುದು. ‘ಸಾಮ್ನಾ’, ‘ರಂಗಸ್ಥಲಂ’ ಎರಡೂ ಮುಗಿದ ಮೇಲೆ ಇದನ್ನು ನೋಡಿ. ಮೊದಲೇ ನೋಡಿದರೆ ಉಳಿದವರ ಕೊಡಲಿ ಕಾಳಗ ನಿಮಗೆ ಸಪ್ಪೆ ಅನ್ನಿಸೀತು.