ಹಿಟ್ಟಿನ ಕೋಳಿಯೂ ಗಾಜಿನ ಪೆಟ್ಟಿಗೆಯೂ

1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ದೊರೆಯು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಪ್ರಾಣವಿಲ್ಲದ್ದನ್ನು ಕಡಿದುದಕ್ಕೆ ಅಷ್ಟೊಂದು ತಿರ್ಯಗ್ಜನ್ಮಗಳೇ ಎಂದು ಆಕ್ಷೇಪಿಸುವ ಓದುಗರುಂಟು. ಸಂಕಲ್ಪವೇ ಹಿಂಸೆಯ ಬೀಜವೆಂಬುದು ಕಾವ್ಯದ ಉತ್ತರ.

ಈ ಉತ್ತರವನ್ನು ಇಂದಿನ ಒಂದು ಹವ್ಯಾಸಕ್ಕೆ ಅನ್ವಯಿಸಿ ನೋಡಬಹುದು. ಟರಾಂಟುಲಾ ಎಂಬ ರೋಮಭರಿತ ಹೆಜ್ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರು, ಅದರ ಆಹಾರಕ್ಕೆಂದೇ ದಕ್ಷಿಣ ಅಮೆರಿಕ ಮೂಲದ ಡೂಬಿಯಾ ಜಿರಲೆಗಳನ್ನು ಬೇರೆ ಡಬ್ಬಿಯಲ್ಲಿ ಬೆಳೆಸುತ್ತಾರೆ. ಬೆಚ್ಚನೆಯ ತಾಣ, ಗಜ್ಜರಿ, ಸೊಪ್ಪು, ಯಾವ ಉಪಚಾರಕ್ಕೂ ಕೊರತೆಯಿಲ್ಲ. ಜಿರಲೆ ಪುಷ್ಟವಾದರೆ ಜೇಡವೂ ಪುಷ್ಟವಾಗುವುದೆಂಬುದೇ ಆ ಉಪಚಾರದ ಉದ್ದೇಶ. ಹಿಟ್ಟಿನ ಕೋಳಿಗೆ ಜೀವವಿರಲಿಲ್ಲ; ಈ ತ್ರಸಜೀವಿಗೆ ಇದೆ.

ಜೇಡವು ತನ್ನ ಸ್ವಭಾವದಂತೆ ತಿನ್ನುತ್ತದೆಂಬ ಸಮರ್ಥನೆ ಅರ್ಧಸತ್ಯ. ಕಾಡಿನಲ್ಲಿ ಬೇಟೆಯನ್ನು ಜೇಡವೇ ಹುಡುಕಿಕೊಳ್ಳುತ್ತದೆ; ಪೆಟ್ಟಿಗೆಯೊಳಗೆ ಅದನ್ನು ಒಡ್ಡುವವನು ಮನುಷ್ಯ. ಹಾಗೆಂದು ಉಪವಾಸ ಕೆಡಹುವಂತೆಯೂ ಇಲ್ಲ. ಅನ್ನಪಾನನಿರೋಧವನ್ನು ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಉಣಿಸಿದರೆ ಒಂದು ಹಿಂಸೆ, ಉಣಿಸದಿದ್ದರೆ ಇನ್ನೊಂದು. ಆದ್ದರಿಂದ ದೋಷವು ಪೆಟ್ಟಿಗೆ ಮನೆಗೆ ಬಂದ ದಿನವೇ ಹುಟ್ಟಿತು. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳ ಪಾಲನೆಯನ್ನೇ ಅನರ್ಥದಂಡದಲ್ಲಿ ಸೇರಿಸಿದುದರ ಮರ್ಮವಿದು. ಈಗಾಗಲೇ ತಂದವರು ಇರುವುದನ್ನು ನೋಡಿಕೊಳ್ಳಲಿ. ಮತ್ತೊಂದನ್ನು ತಾರದಿರುವುದೇ ಅವರಿಗೆ ಉಳಿದಿರುವ ವ್ರತ.

ಪಶ್ಚಿಮಘಟ್ಟಗಳ ಮರದ ಪೊಟರೆಗಳಲ್ಲಿ ಇಂಥ ಹೆಜ್ಜೇಡಗಳು ವಾಸಿಸುತ್ತವೆ. 2019ರಿಂದ ಆ ಕುಲದ ವ್ಯಾಪಾರವು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿದೆ. ಕೊಂಗಾಳ್ವರ ಕಾಲದ ಮುಳ್ಳೂರು ಬಸದಿಗಳಿರುವ ಕೊಡಗಿನ ಶ್ರಾವಕನಿಗೆ ಜೇಡವನ್ನು ನೋಡುವ ಕುತೂಹಲವಿದ್ದರೆ ಕಾಡಿನತ್ತ ಹೋಗಲಿ. ಅಲ್ಲಿ ಅದಕ್ಕೆ ಯಾರೂ ಉಣಿಸಬೇಕಾಗಿಲ್ಲ.